ಅಗ್ಗದ ಟಿಕೆಟಿನ ಋತು ಮತ್ತು ಗಲ್ಫ್ ಕಾರ್ಮಿಕನ ರಜೆ

2025ರ ಆಗಸ್ಟ್ ತಿಂಗಳಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಸಂಸ್ಥೆಯು ಸ್ವಾತಂತ್ರ್ಯೋತ್ಸವದ ಹೆಸರಿನಲ್ಲಿ ಒಂದು ರಿಯಾಯಿತಿ ಮಾರಾಟವನ್ನು ಘೋಷಿಸಿತು. ಒಟ್ಟು 50 ಲಕ್ಷ ಸೀಟುಗಳು. ದೇಶದೊಳಗಿನ ಪ್ರಯಾಣಕ್ಕೆ 1,279 ರೂಪಾಯಿಯಿಂದ ಮತ್ತು ವಿದೇಶ ಪ್ರಯಾಣಕ್ಕೆ 4,279 ರೂಪಾಯಿಯಿಂದ ದರ ಆರಂಭ. ಅದರ ಹಿಂದಿನ ವರ್ಷ ಇದೇ ಹೆಸರಿನ ಮಾರಾಟದಲ್ಲಿ ಆರಂಭದ ದರವನ್ನು 1,947 ರೂಪಾಯಿಗೆ ನಿಗದಿಪಡಿಸಲಾಗಿತ್ತು. ದೇಶಕ್ಕೆ ಸ್ವಾತಂತ್ರ್ಯ ಸಿಕ್ಕ ಇಸವಿಯೇ ಟಿಕೆಟಿನ ಬೆಲೆಯಾಗಿತ್ತು! ಮಂಗಳೂರು, ಉಡುಪಿ, ಭಟ್ಕಳಗಳಂತಹ ಊರುಗಳಲ್ಲಿ ಇಂತಹ ಜಾಹೀರಾತು ಪ್ರಕಟವಾಯಿತೆಂದರೆ ಅದು ಕ್ಷಣಾರ್ಧದಲ್ಲಿ ಮನೆ ಮನೆ ತಲುಪುತ್ತದೆ. ಇದು ಸಹಜವೇ. ಯಾಕೆಂದರೆ, ಇಲ್ಲಿ ವಿಮಾನ ಟಿಕೆಟ್ ಎಂಬುದು ವಿಲಾಸದ ವಸ್ತುವಲ್ಲ. ಅದು ತಂದೆಯೊಬ್ಬ ತನ್ನ ಮಕ್ಕಳ ಮುಖ ನೋಡಲು ತೆರಬೇಕಾದ ಬೆಲೆ.

ಆದರೆ ಆ ಜಾಹೀರಾತಿನಲ್ಲಿ ದೊಡ್ಡ ಅಕ್ಷರಗಳಲ್ಲಿದ್ದ ಬೆಲೆಗಿಂತ ಮಹತ್ವದ ಮಾತು ಅದರ ಕೆಳಗಿತ್ತು. ಆಗಸ್ಟ್ 15ರೊಳಗೆ ಬುಕ್ ಮಾಡಬೇಕು. ಆಗಸ್ಟ್ 19ರಿಂದ 2026ರ ಮಾರ್ಚ್ 31ರೊಳಗೆ ಪ್ರಯಾಣಿಸಬೇಕು ಎಂಬುದೇ ಆ ಮಾತು. ಗಲ್ಫ್ ರಾಷ್ಟ್ರಗಳ ಶಾಲೆಗಳಿಗೆ ರಜೆಯಿರುವ ಜುಲೈ ತಿಂಗಳು ಆ ಅವಧಿಯಲ್ಲಿಲ್ಲ. ಅಂದರೆ, ಊರಿಗೆ ಬರುವವರ ನೂಕುನುಗ್ಗಲು ಮುಗಿದ ಬಳಿಕವೇ ರಿಯಾಯಿತಿಯ ಬಾಗಿಲು ತೆರೆದುಕೊಂಡಿತು. ಇದರಲ್ಲಿ ವಂಚನೆಯೇನೂ ಇಲ್ಲ. ಇದು ಆ ವ್ಯಾಪಾರದ ಸ್ವಭಾವ. ಆ ಸ್ವಭಾವವನ್ನು ಅರಿತುಕೊಂಡ ಕುಟುಂಬ ಉಳಿತಾಯ ಮಾಡುತ್ತದೆ, ಅರಿಯದ ಕುಟುಂಬ ಸಾಲ ಮಾಡುತ್ತದೆ. ಅರಿತಿದ್ದೂ ಏನೂ ಮಾಡಲಾಗದ ಮೂರನೆಯ ವರ್ಗವೊಂದಿದೆ. ಅದರ ಬಗ್ಗೆ ನಮ್ಮಲ್ಲಿ ಚರ್ಚೆಯೇ ನಡೆಯುತ್ತಿಲ್ಲ.

ಮೊದಲು ಈ ಅಗ್ಗದ ವಿಮಾನಗಳು ಮಾಡಿರುವ ಉಪಕಾರವನ್ನು ಒಪ್ಪಿಕೊಳ್ಳಬೇಕು. 1994ರಲ್ಲಿ ಏರ್ ಕಾರ್ಪೊರೇಶನ್ ಕಾಯ್ದೆ ರದ್ದಾಗುವವರೆಗೆ ಈ ದೇಶದಲ್ಲಿ ವಿಮಾನಯಾನವು ಸರಕಾರದ ಏಕಸ್ವಾಮ್ಯಕ್ಕೆ ಒಳಪಟ್ಟಿತ್ತು. ಜನಸಾಮಾನ್ಯರಿಗೂ ವಿಮಾನದಲ್ಲಿ ಹಕ್ಕಿದೆ ಎಂಬ ವಿಚಾರವನ್ನು 2003ರಲ್ಲಿ ಕಾರ್ಯರೂಪಕ್ಕೆ ತಂದವರು ಕನ್ನಡಿಗರೇ ಆದ ಕ್ಯಾಪ್ಟನ್ ಗೋಪಿನಾಥ್. ಅವರ ಏರ್ ಡೆಕ್ಕನ್ ಸಂಸ್ಥೆಯು ಒಂದು ರೂಪಾಯಿಗೂ ಟಿಕೆಟ್ ಮಾರಿ ಜನರನ್ನು ಬೆರಗುಗೊಳಿಸಿತು. ಅದೇ ವರ್ಷ ಶಾರ್ಜಾದಲ್ಲಿ ಏರ್ ಅರೇಬಿಯಾ ಆರಂಭಗೊಂಡಿತು. 2005ರ ಏಪ್ರಿಲ್‌ನಲ್ಲಿ, ಆಗ ಸರಕಾರದ ಒಡೆತನದಲ್ಲಿದ್ದ ಏರ್ ಇಂಡಿಯಾವು ಗಲ್ಫ್ ಕಾರ್ಮಿಕರನ್ನೇ ಗಮನದಲ್ಲಿಟ್ಟುಕೊಂಡು ಏರ್ ಇಂಡಿಯಾ ಎಕ್ಸ್‌ಪ್ರೆಸ್ ಅನ್ನು ಪ್ರಾರಂಭಿಸಿತು. 2006ರಲ್ಲಿ ಅದೇ ಸಂಸ್ಥೆಯ ವಿಮಾನ ಬಜ್ಪೆಯಿಂದ ನೇರವಾಗಿ ದುಬೈಗೆ ಹಾರಿತು. ಅದಕ್ಕಿಂತ ಮೊದಲು ಕರಾವಳಿಯ ಯುವಕ ದುಬೈಗೆ ಹೋಗಬೇಕಾದರೆ ಮುಂಬೈಯನ್ನೋ ಕಲ್ಲಿಕೋಟೆಯನ್ನೋ ಸುತ್ತಿ ಬಳಸಿ ಹೋಗಬೇಕಿತ್ತು. ರಾತ್ರಿಯ ಬಸ್ಸು, ಲಾಡ್ಜಿನ ಬಾಡಿಗೆ, ದಲ್ಲಾಳಿಗಳ ಕಾಟ ಇವೆಲ್ಲವೂ ಟಿಕೆಟಿನ ಜೊತೆಗಿನ ಖರ್ಚುಗಳಾಗಿದ್ದವು. ಇವತ್ತು ಅವೆಲ್ಲ ಹಳೆಯ ಮಾತುಗಳಾಗಿದ್ದರೆ ಅದಕ್ಕೆ ಈ ಸಂಸ್ಥೆಗಳೂ ಕಾರಣ.

ಇಷ್ಟಕ್ಕೂ, ನಾಲ್ಕು ಸಾವಿರಕ್ಕೆ ಒಂದು ದಿನ ಮಾರಾಟವಾಗುವ ಸೀಟು ಇನ್ನೊಂದು ದಿನ ಅದರ ಹಲವು ಪಟ್ಟು ಬೆಲೆಗೆ ಮಾರಾಟವಾಗುವುದು ಹೇಗೆ? ವಿಮಾನದ ಸೀಟು ಮೀನಿನ ಮಾರ್ಕೆಟ್ಟಿನ ಮೀನಿನಂತೆ. ಸಂಜೆಯಾಗುವುದರೊಳಗೆ ಮಾರಾಟವಾಗದಿದ್ದರೆ ಅದರ ಬೆಲೆ ಸೊನ್ನೆ. ಖಾಲಿ ಸೀಟಿನೊಂದಿಗೆ ವಿಮಾನ ಹಾರಿತೆಂದರೆ ಆ ನಷ್ಟವನ್ನು ಮರುದಿನ ತುಂಬಿಸಿಕೊಳ್ಳಲು ಸಾಧ್ಯವಿಲ್ಲ. ಇಂಧನ, ಸಿಬ್ಬಂದಿ, ನಿಲ್ದಾಣ ಶುಲ್ಕಗಳೆಲ್ಲ ಸೀಟು ತುಂಬಿದರೂ ತುಂಬದಿದ್ದರೂ ಹೆಚ್ಚುಕಡಿಮೆ ಅಷ್ಟೇ ಇರುತ್ತವೆ. ಆದ್ದರಿಂದ ಸಂಸ್ಥೆಗಳು ಒಂದೇ ವಿಮಾನದ ಸೀಟುಗಳನ್ನು ಹಲವು ದರಗಳ ಗುಂಪುಗಳಾಗಿ ವಿಂಗಡಿಸುತ್ತವೆ. ಅತ್ಯಂತ ಅಗ್ಗದ ಗುಂಪಿನಲ್ಲಿ ಕೆಲವೇ ಸೀಟುಗಳಿರುತ್ತವೆ. ಅವು ಮುಗಿದಂತೆ ದರ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಜನ ಹೇಗೂ ಬರುತ್ತಾರೆ ಎಂದು ಗೊತ್ತಿರುವ ದಿನಗಳಂದು ಅಗ್ಗದ ಗುಂಪನ್ನು ತೆರೆಯುವುದೇ ಇಲ್ಲ. ಜನ ಬರುವುದಿಲ್ಲ ಎಂದು ಗೊತ್ತಿರುವ ದಿನಗಳಿಗಾಗಿ ತಿಂಗಳುಗಳಿಗೆ ಮುಂಚೆಯೇ ರಿಯಾಯಿತಿ ಮಾರಾಟ ಘೋಷಿಸಿ, ಹಣವನ್ನು ಮುಂಗಡವಾಗಿ ಪಡೆದುಕೊಳ್ಳುತ್ತವೆ. ಬೆಲೆ ಇಳಿಸಿರುವುದು ನಮ್ಮ ಮೇಲಿನ ಪ್ರೀತಿಯಿಂದಲ್ಲ. ನಾವು ಹೋಗಲು ಬಯಸದ ದಿನಗಳಲ್ಲಿ ನಮ್ಮನ್ನು ಕರೆದೊಯ್ಯುವುದಕ್ಕಾಗಿ.

ಆದುದರಿಂದ, ರಿಯಾಯಿತಿ ಯಾವಾಗ ಬರುತ್ತದೆ ಎಂದು ಕೇಳುವುದಕ್ಕಿಂತ ಮೊದಲು ವಿಮಾನ ಯಾವಾಗ ಖಾಲಿ ಹೋಗುತ್ತದೆ ಎಂದು ಕೇಳಬೇಕು. ಕರಾವಳಿ ಮತ್ತು ಗಲ್ಫ್ ನಡುವಣ ಸಂಚಾರಕ್ಕೆ ತನ್ನದೇ ಆದ ಪಂಚಾಂಗವಿದೆ. ಯುಎಇಯಂತಹ ರಾಷ್ಟ್ರಗಳಲ್ಲಿ ಶಾಲೆಗಳು ಜೂನ್ ಕೊನೆ ಅಥವಾ ಜುಲೈ ಆರಂಭದಲ್ಲಿ ಮುಚ್ಚಿ ಆಗಸ್ಟ್ ಕೊನೆಯ ಹೊತ್ತಿಗೆ ತೆರೆಯುತ್ತವೆ. ಆದ್ದರಿಂದ ಜೂನ್ ಕೊನೆಯಲ್ಲಿ ಗಲ್ಫ್‌ನಿಂದ ಊರಿಗೆ ಬರುವ ವಿಮಾನಗಳು ಮತ್ತು ಆಗಸ್ಟ್ ಕೊನೆಯಲ್ಲಿ ಊರಿನಿಂದ ಗಲ್ಫ್‌ಗೆ ಹೋಗುವ ವಿಮಾನಗಳು ತುಂಬಿ ತುಳುಕುತ್ತವೆ. ಹೆಚ್ಚಿನವರು ಗಮನಿಸದ ಅಂಶವೆಂದರೆ, ಅದೇ ದಿನಗಳಲ್ಲಿ ವಿರುದ್ಧ ದಿಕ್ಕಿನ ವಿಮಾನಗಳಲ್ಲಿ ಜನ ಕಡಿಮೆ. ಮಗನನ್ನೋ ಮಗಳನ್ನೋ ಕಾಣಲು ದುಬೈಗೆ ಹೋಗಬಯಸುವ ಹಿರಿಯರಿಗೆ ಶಾಲೆಯ ರಜೆ ಮುಖ್ಯವಲ್ಲ. ಅವರು ಈ ಲೆಕ್ಕವನ್ನು ತಿಳಿದುಕೊಂಡರೆ ಸಾಕು, ಸೇಲ್‌ಗಾಗಿ ಕಾಯಬೇಕಾಗಿಯೇ ಇಲ್ಲ. ಅಲ್ಲದೆ, ಇಂತಹ ಸಂಸ್ಥೆಗಳು ಹೋಗುವ ಮತ್ತು ಬರುವ ಪ್ರಯಾಣಗಳಿಗೆ ಸಾಮಾನ್ಯವಾಗಿ ಬೇರೆ ಬೇರೆಯಾಗಿಯೇ ದರ ನಿಗದಿಪಡಿಸುತ್ತವೆ. ಒಂದರಲ್ಲಿ ಹೋಗಿ ಇನ್ನೊಂದರಲ್ಲಿ ಬರುವುದಕ್ಕೆ ಅಡ್ಡಿಯಿಲ್ಲ. 2018ರ ಡಿಸೆಂಬರ್‌ನಲ್ಲಿ ಆರಂಭವಾದ ಕಣ್ಣೂರು ವಿಮಾನ ನಿಲ್ದಾಣವನ್ನೂ ಕಲ್ಲಿಕೋಟೆ, ಗೋವಾಗಳನ್ನೂ ಹೋಲಿಸಿ ನೋಡಬಹುದು. ಆದರೆ ಟಿಕೆಟಿನಲ್ಲಿ ಉಳಿದುದು ಕಾರಿನ ಬಾಡಿಗೆಯಲ್ಲಿ ಹೋಗದಂತೆ ಲೆಕ್ಕ ಹಾಕಬೇಕು.

ಇನ್ನು ಹಬ್ಬಗಳ ವಿಚಾರ. ಹಿಜರಿ ವರ್ಷವು ಸುಮಾರು 354 ದಿನಗಳದ್ದು. ಆದ್ದರಿಂದ ರಮಝಾನ್ ಮತ್ತು ಎರಡೂ ಈದ್‌ಗಳು ಪ್ರತಿ ವರ್ಷ ಹತ್ತು-ಹನ್ನೊಂದು ದಿನಗಳಷ್ಟು ಹಿಂದಕ್ಕೆ ಸರಿಯುತ್ತವೆ. 2023ರಲ್ಲಿ ಬಕ್ರೀದ್ ಜೂನ್ ಕೊನೆಗೆ ಬಂದಿತ್ತು. ಗಲ್ಫ್‌ನ ಶಾಲಾ ರಜೆ ಮತ್ತು ಹಬ್ಬ ಒಂದೇ ವಾರದಲ್ಲಿ ಕೂಡಿ ಬಂದುದರಿಂದ ಎರಡು ಜನಸಂದಣಿಗಳು ಒಂದಾದವು. 2027ರಲ್ಲಿ ಈದುಲ್ ಫಿತ್ರ್ ಮಾರ್ಚ್ 10ರ ಆಸುಪಾಸಿನಲ್ಲೂ ಬಕ್ರೀದ್ ಮೇ ತಿಂಗಳ ಮಧ್ಯಭಾಗದಲ್ಲೂ ಬರಲಿದೆ. ಬಕ್ರೀದ್ ಆ ವರ್ಷ ಕರ್ನಾಟಕದ ಶಾಲೆಗಳ ಬೇಸಿಗೆ ರಜೆಯೊಳಗೆ ಬೀಳುತ್ತದೆ. ಚಂದ್ರದರ್ಶನದಿಂದ ಒಂದು ದಿನದ ವ್ಯತ್ಯಾಸವಾಗಬಹುದು, ಅಷ್ಟೇ. ಈ ಲೆಕ್ಕ ಎಲ್ಲರಿಗಿಂತ ಚೆನ್ನಾಗಿ ತಿಳಿದಿರಬೇಕಾದವರು ಯಾರು? ಹಿಜರಿ ಕ್ಯಾಲೆಂಡರನ್ನು ಗೋಡೆಗೆ ತೂಗುಹಾಕಿರುವ ನಾವೇ ಅಲ್ಲವೇ? ಆದರೆ ವಾಸ್ತವದಲ್ಲಿ, ಈದ್ ಟಿಕೆಟಿಗಾಗಿ ನಮ್ಮಲ್ಲಿ ಹೆಚ್ಚಿನವರು ಎಚ್ಚರಗೊಳ್ಳುವುದು ರಮಝಾನ್ ಆರಂಭವಾದ ಮೇಲೆ. ಮೇಲೆ ಹೇಳಿದ 2025ರ ಮಾರಾಟದ ಅವಧಿ ಮಾರ್ಚ್ 31ರವರೆಗಿತ್ತು. 2026ರ ಈದುಲ್ ಫಿತ್ರ್ ಬಂದುದು ಮಾರ್ಚ್ 20ರ ಆಸುಪಾಸಿನಲ್ಲಿ. ಅಂದರೆ ಹಬ್ಬ ಆ ಅವಧಿಯೊಳಗೇ ಇತ್ತು. ಹಬ್ಬದ ಮುನ್ನಾದಿನಕ್ಕೆ ಅಗ್ಗದ ಸೀಟು ಸಿಗುತ್ತಿತ್ತು ಎಂದು ಯಾರೂ ಭರವಸೆ ಕೊಡಲಾರರು. ಆದರೆ ಹತ್ತು ದಿನ ಮೊದಲು ಬಂದು ಹಬ್ಬ ಮುಗಿಸಿ ಹತ್ತು ದಿನ ಬಿಟ್ಟು ಮರಳಬಲ್ಲವರು ಆರೇಳು ತಿಂಗಳ ಹಿಂದೆಯೇ ಹುಡುಕುವುದಕ್ಕೆ ಅವಕಾಶವಿತ್ತು. ಸುಭಿಕ್ಷದ ವರ್ಷಗಳಲ್ಲಿ ಧಾನ್ಯ ಕೂಡಿಟ್ಟು ಬರಗಾಲವನ್ನು ಎದುರಿಸಿದ ಪ್ರವಾದಿ ಯೂಸುಫ್(ಅ)ರ ಇತಿಹಾಸವನ್ನು ಓದುವ ಸಮುದಾಯಕ್ಕೆ ಮುಂದಾಲೋಚನೆಯ ಪಾಠವನ್ನು ಬೇರೆಯವರು ಹೇಳಬೇಕಾಗಿಲ್ಲ.

ಹಾಗಂತ ಅಗ್ಗವೆಂದು ಕಂಡದ್ದನ್ನೆಲ್ಲ ಕೊಳ್ಳುವುದೂ ಜಾಣತನವಲ್ಲ. ಆರಂಭದ ದರ ಎಂಬುದು ಒಂದು ದಾರಿಯ, ಕೆಲವೇ ಸೀಟುಗಳ, ಕೆಲವೇ ದಿನಗಳ ದರ. ಜಾಹೀರಾತಿನಲ್ಲಿರುವ ಬೆಲೆಯನ್ನಲ್ಲ, ಹಣ ಪಾವತಿಸುವ ಕೊನೆಯ ಹಂತದಲ್ಲಿ ಕಾಣುವ ಮೊತ್ತವನ್ನು ಹೋಲಿಸಬೇಕು. ಏರ್ ಇಂಡಿಯಾ ಎಕ್ಸ್‌ಪ್ರೆಸ್ 2024ರಲ್ಲಿ ಆರಂಭಿಸಿದ ಎಕ್ಸ್‌ಪ್ರೆಸ್ ಲೈಟ್ ದರದಲ್ಲಿ ಕೈಚೀಲವನ್ನು ಬಿಟ್ಟರೆ ಬೇರೆ ಲಗೇಜ್‌ಗೆ ಅವಕಾಶವಿಲ್ಲ. ಕಚೇರಿ ಕೆಲಸಕ್ಕಾಗಿ ಎರಡು ದಿನ ಹೋಗಿಬರುವವನಿಗೆ ಇದು ಲಾಭದಾಯಕ. ಎರಡು ವರ್ಷಗಳ ಬಳಿಕ ಪೆಟ್ಟಿಗೆ ಕಟ್ಟಿಕೊಂಡು ಬರುವವನಿಗೆ? ವಿಮಾನ ನಿಲ್ದಾಣದ ಕೌಂಟರಿನಲ್ಲಿ ಕಿಲೋ ಲೆಕ್ಕದಲ್ಲಿ ಹಣ ತೆರುವಾಗ ಉಳಿಸಿದ್ದೆಲ್ಲವೂ ಕರಗಿ ಹೋಗುತ್ತದೆ. ಲಗೇಜ್ ಬೇಕಿದ್ದರೆ ಬುಕ್ ಮಾಡುವಾಗಲೇ ಸೇರಿಸಿಕೊಂಡು ಒಟ್ಟು ಮೊತ್ತವನ್ನು ನೋಡಬೇಕು.

ಎರಡನೆಯದಾಗಿ, ರಿಯಾಯಿತಿ ಟಿಕೆಟನ್ನು ರದ್ದುಪಡಿಸಿದರೆ ಸಿಗುವುದು ಅಲ್ಪ. 2016ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಡಿಜಿಸಿಎ ನಿಯಮದಂತೆ, ರದ್ದತಿ ಶುಲ್ಕವು ಮೂಲ ದರ ಮತ್ತು ಇಂಧನ ಶುಲ್ಕದ ಮೊತ್ತವನ್ನು ಮೀರುವಂತಿಲ್ಲ. ಮರುಪಾವತಿ ಇಲ್ಲ ಎಂದು ಮುದ್ರಿಸಿದ ಟಿಕೆಟಿನಲ್ಲೂ ತೆರಿಗೆಗಳನ್ನು ಮತ್ತು ವಿಮಾನ ನಿಲ್ದಾಣ ಬಳಕೆದಾರರ ಶುಲ್ಕವನ್ನು ಹಿಂದಿರುಗಿಸಬೇಕು. ಈ ಹಕ್ಕಿನ ಅರಿವಿಲ್ಲದೆ ಆ ಹಣವನ್ನು ಕೇಳದೆ ಬಿಟ್ಟವರು ನಮ್ಮಲ್ಲಿ ಕಡಿಮೆಯಿರಲಾರರು. ಟ್ರಾವೆಲ್ಸ್ ಮುಖಾಂತರ ಖರೀದಿಸಿದ ಟಿಕೆಟಾದರೂ ಹಣ ಮರಳಿಸುವ ಹೊಣೆ ವಿಮಾನ ಸಂಸ್ಥೆಯದ್ದೇ. ಮೂರನೆಯದಾಗಿ, ಆರು ತಿಂಗಳ ನಂತರದ ಟಿಕೆಟ್ ಕೊಳ್ಳುವ ಮುನ್ನ ಪಾಸ್‌ಪೋರ್ಟ್ ಮತ್ತು ವೀಸಾದ ಅವಧಿಯನ್ನು ನೋಡಬೇಕು. ಯುಎಇಯಲ್ಲಿ ವಾಸದ ಪರವಾನಿಗೆ ಇರುವ ಸಾಮಾನ್ಯ ಉದ್ಯೋಗಿ ಅಥವಾ ಅವನ ಕುಟುಂಬದವರು ಆ ದೇಶದಿಂದ ಸತತ ಆರು ತಿಂಗಳಿಗಿಂತ ಹೆಚ್ಚು ಕಾಲ ಹೊರಗುಳಿದರೆ ಪರವಾನಿಗೆಯೇ ಅಸಿಂಧುವಾಗುವ ಅಪಾಯವಿದೆ. ಅಗ್ಗದ ಮರುಪ್ರಯಾಣಕ್ಕಾಗಿ ದಿನಾಂಕವನ್ನು ಮುಂದೆ ಮುಂದೆ ತಳ್ಳುವವರು ಇದನ್ನು ಮರೆಯಬಾರದು.

ಇಷ್ಟೂ ತಿಳುವಳಿಕೆ ಇದ್ದರೆ ಸಮಸ್ಯೆ ಬಗೆಹರಿಯಿತೇ? ಇಲ್ಲ. ಯಾಕೆಂದರೆ, ರಿಯಾಯಿತಿ ಮಾರಾಟದ ಪ್ರಯೋಜನ ಪಡೆಯಲು ಎರಡು ಅರ್ಹತೆಗಳು ಬೇಕು. ಒಂದು, ಆರು ತಿಂಗಳ ಬಳಿಕದ ಪ್ರಯಾಣಕ್ಕಾಗಿ ಇವತ್ತೇ ಕೈಯಲ್ಲಿ ಹಣವಿರಬೇಕು. ಇನ್ನೊಂದು, ಆರು ತಿಂಗಳ ಬಳಿಕ ರಜೆ ಸಿಗುತ್ತದೆಂಬ ಖಚಿತತೆ ಇರಬೇಕು. ಬ್ಯಾಂಕಿನ ಅಧಿಕಾರಿಗೆ, ಇಂಜಿನಿಯರ್‌ಗೆ, ಸ್ವಂತ ವ್ಯಾಪಾರ ಇರುವವನಿಗೆ ಈ ಎರಡೂ ಇವೆ. ಆದರೆ ಕಟ್ಟಡದ ಕಾರ್ಮಿಕನಿಗೆ, ಕಫ್ತೇರಿಯಾದ ಹುಡುಗನಿಗೆ, ಮನೆಚಾಲಕನಿಗೆ? ಯುಎಇಯ 2021ರ ಕಾರ್ಮಿಕ ಕಾನೂನಿನ ಪ್ರಕಾರ ಮಾಲೀಕನು ವಾರ್ಷಿಕ ರಜೆಯ ದಿನಾಂಕವನ್ನು ಕಾರ್ಮಿಕನಿಗೆ ಕನಿಷ್ಠ ಒಂದು ತಿಂಗಳು ಮುಂಚಿತವಾಗಿ ತಿಳಿಸಬೇಕು. ಕಾನೂನು ಸಂಪೂರ್ಣವಾಗಿ ಪಾಲನೆಯಾದರೂ ಆತನಿಗೆ ಸಿಗುವುದು ಒಂದೇ ತಿಂಗಳು. ಅಷ್ಟರಲ್ಲಿ ಅಗ್ಗದ ಸೀಟುಗಳು ಎಂದೋ ಮುಗಿದಿರುತ್ತವೆ. ಇನ್ನು ತಾಯಿಗೆ ಕಾಯಿಲೆ ಉಲ್ಬಣಿಸಿದ, ತಂದೆ ತೀರಿಕೊಂಡ ಸುದ್ದಿ ಬಂದರೆ ಆತನಿಗಿರುವುದು ಕೆಲವೇ ಗಂಟೆಗಳು. ಆ ದಿನದ ಬೆಲೆ ಎಷ್ಟಿದ್ದರೂ ಆತ ತೆರಲೇಬೇಕು. ಸಂಬಳ ಹೆಚ್ಚಿರುವವನು ಕಡಿಮೆ ಬೆಲೆಗೂ ಸಂಬಳ ಕಡಿಮೆಯಿರುವವನು ಹೆಚ್ಚಿನ ಬೆಲೆಗೂ ಒಂದೇ ವಿಮಾನದಲ್ಲಿ ಅಕ್ಕಪಕ್ಕ ಕುಳಿತು ಬರುತ್ತಾರೆ. ಸೇಲ್‌ನ ಹೊಳಪಿನ ಹಿಂದೆ ಅಡಗಿರುವ ಅನ್ಯಾಯ ಇದು.

ಇದಕ್ಕೆ ಸಮುದಾಯ ಏನು ಮಾಡಬಹುದು? ಮೊದಲನೆಯದಾಗಿ, ಗಲ್ಫ್‌ನಲ್ಲಿ ಉದ್ಯಮಗಳನ್ನು ಕಟ್ಟಿ ಬೆಳೆಸಿರುವ ನಮ್ಮವರೇ ಆದ ಮಾಲೀಕರು ಮಾದರಿಯಾಗಬೇಕು. ತಮ್ಮ ಕಾರ್ಮಿಕರ ರಜೆಯ ಪಟ್ಟಿಯನ್ನು ವರ್ಷದ ಆರಂಭದಲ್ಲೇ ತಯಾರಿಸಿ ಅವರ ಕೈಗೆ ಕೊಡುವುದಕ್ಕೆ ನಯಾಪೈಸೆಯ ಖರ್ಚಿಲ್ಲ. ಎರಡನೆಯದಾಗಿ, ಊರಿನ ಜಮಾಅತ್‌ಗಳು ಮತ್ತು ಗಲ್ಫ್‌ನಲ್ಲಿರುವ ಅವುಗಳ ಘಟಕಗಳು ಟಿಕೆಟಿಗಾಗಿ ಬಡ್ಡಿರಹಿತ ಸಾಲದ ನಿಧಿಯೊಂದನ್ನು ಆರಂಭಿಸಬಹುದು. ರಿಯಾಯಿತಿ ಘೋಷಣೆಯಾದಾಗ ಹಣವಿಲ್ಲದವನಿಗೆ ನಿಧಿಯಿಂದ ಟಿಕೆಟ್ ಕೊಡಿಸಿ, ತಿಂಗಳು ತಿಂಗಳು ಹಿಂದಕ್ಕೆ ಪಡೆದರಾಯಿತು. ಇಲ್ಲದಿದ್ದರೆ ಆತ ಕ್ರೆಡಿಟ್ ಕಾರ್ಡಿನ ಬಡ್ಡಿಯ ಸುಳಿಗೆ ಸಿಲುಕುತ್ತಾನೆ. ಸಾವು, ಕಾಯಿಲೆಯಂತಹ ತುರ್ತು ಪ್ರಯಾಣಕ್ಕೆ ಅದೇ ನಿಧಿಯ ಒಂದು ಪಾಲನ್ನು ಮೀಸಲಿಡಬಹುದು. ರಕ್ತದಾನ ಶಿಬಿರ, ಸಾಮೂಹಿಕ ವಿವಾಹಗಳನ್ನು ಯಶಸ್ವಿಯಾಗಿ ನಡೆಸುವ ಸಂಘಟನೆಗಳಿಗೆ ಇದೇನೂ ಅಸಾಧ್ಯದ ಕೆಲಸವಲ್ಲ.

ಮೂರನೆಯದಾಗಿ, ನಮ್ಮ ಮದುವೆಗಳು. ಹಾಲ್ ಸಿಕ್ಕಿದ ದಿನವೇ ನಿಕಾಹ್ ಎಂಬ ಪದ್ಧತಿ ಪಟ್ಟಣಗಳಲ್ಲಿ ಬೇರೂರಿಬಿಟ್ಟಿದೆ. ಆ ದಿನ ಟಿಕೆಟ್ ದರ ಎಷ್ಟೆಂದು ಯಾರೂ ನೋಡುವುದಿಲ್ಲ. ವರನ ಅಣ್ಣ, ವಧುವಿನ ಮಾವ, ಸೋದರರೆಲ್ಲ ಗಲ್ಫ್‌ನಿಂದ ಧಾವಿಸಿ ಬರುತ್ತಾರೆ. ಬಾರದಿದ್ದರೆ ಮುನಿಸು, ಬಂದರೆ ಸಾಲ. ಮದುವೆಯ ದಿನಾಂಕವನ್ನು ಮೂರು ತಿಂಗಳಲ್ಲ, ಆರು ತಿಂಗಳು ಮುಂಚೆ ನಿಶ್ಚಯಿಸಿ, ಜುಲೈ-ಆಗಸ್ಟ್‌ಗಳ ಮತ್ತು ಈದ್‌ನ ವಾರಗಳ ಜನಸಂದಣಿಯನ್ನು ತಪ್ಪಿಸಿದರೆ ಒಂದು ಮದುವೆಯಿಂದ ಹತ್ತು ಮನೆಗಳಿಗೆ ಉಳಿತಾಯವಾಗುತ್ತದೆ. ಸರಳ ವಿವಾಹದ ಬಗ್ಗೆ ಭಾಷಣ ಮಾಡುವವರು ಊಟದ ಎಲೆಯ ಖರ್ಚನ್ನು ಮಾತ್ರ ಲೆಕ್ಕ ಹಾಕುತ್ತಾರೆ. ಅತಿಥಿಯ ಟಿಕೆಟನ್ನೂ ಆ ಲೆಕ್ಕಕ್ಕೆ ಸೇರಿಸಬೇಕು.

ಕೊನೆಯದಾಗಿ, ಸರಕಾರದ ಹೊಣೆಗಾರಿಕೆ. ಟಿಕೆಟ್ ದರ ಮಾರುಕಟ್ಟೆಯ ವಿಷಯ, ಅದರಲ್ಲಿ ನಾವು ಮೂಗು ತೂರಿಸುವುದಿಲ್ಲ ಎಂಬುದು ಕೇಂದ್ರ ಸರಕಾರದ ಹಳೆಯ ಉತ್ತರ. ಆದರೆ ಕೊರೋನಾ ಕಾಲದಲ್ಲಿ, 2020ರ ಮೇಯಿಂದ 2022ರ ಆಗಸ್ಟ್‌ವರೆಗೆ, ಇದೇ ಸರಕಾರ ದೇಶದೊಳಗಿನ ವಿಮಾನ ದರಗಳಿಗೆ ಮಿತಿ ವಿಧಿಸಿತ್ತು. 2025ರ ಡಿಸೆಂಬರ್‌ನಲ್ಲಿ ಇಂಡಿಗೋ ಸಂಸ್ಥೆಯ ಹಾರಾಟ ಅಸ್ತವ್ಯಸ್ತಗೊಂಡು ದರ ಗಗನಕ್ಕೇರಿದಾಗಲೂ ತಾತ್ಕಾಲಿಕ ಮಿತಿ ಬಂತು. ಅಂದರೆ, ಇಚ್ಛೆಯಿದ್ದರೆ ಅಧಿಕಾರ ಇದೆ ಎಂದಾಯಿತು. 2024ರ ಫೆಬ್ರವರಿಯಲ್ಲಿ ಸಂಸತ್ತಿನ ಸಾರಿಗೆ, ಪ್ರವಾಸೋದ್ಯಮ ಮತ್ತು ಸಂಸ್ಕೃತಿ ಸ್ಥಾಯಿ ಸಮಿತಿಯೇ ಮಾರ್ಗವಾರು ದರ ಮಿತಿಯ ಬಗ್ಗೆ ಶಿಫಾರಸು ಮಾಡಿದೆ. ಗಲ್ಫ್ ಮಾರ್ಗದಲ್ಲಿ ಇನ್ನೊಂದು ಕಗ್ಗಂಟಿದೆ. ಭಾರತ ಮತ್ತು ದುಬೈ ನಡುವೆ ಪ್ರತಿ ಕಡೆಯ ಸಂಸ್ಥೆಗಳು ವಾರಕ್ಕೆ ಎಷ್ಟು ಸೀಟು ಹಾರಿಸಬಹುದು ಎಂಬುದು ಉಭಯ ಸರಕಾರಗಳ ಒಪ್ಪಂದಕ್ಕೆ ಬಿಟ್ಟ ವಿಷಯ. 2014ರಲ್ಲಿ ಅದು ಸುಮಾರು 66 ಸಾವಿರಕ್ಕೆ ಏರಿತ್ತು. ಅದನ್ನು ಇನ್ನಷ್ಟು ಹೆಚ್ಚಿಸಬೇಕೆಂಬ ಬೇಡಿಕೆ ಬಂದಾಗಲೆಲ್ಲ ಭಾರತೀಯ ಸಂಸ್ಥೆಗಳ ಹಿತವನ್ನು ಮುಂದಿಡಲಾಗಿದೆ. ಸಂಸ್ಥೆಗಳ ಹಿತ ಮುಖ್ಯವೇ. ಆದರೆ ಆ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಪ್ರಯಾಣಿಕನನ್ನೂ ಇಡಬೇಡವೇ?

ಸೀಸನ್‌ನಲ್ಲಿ ಹೆಚ್ಚು ಪಡೆಯುವುದರಿಂದಲೇ ಉಳಿದ ತಿಂಗಳುಗಳಲ್ಲಿ ಕಡಿಮೆಗೆ ಕೊಡಲು ಸಾಧ್ಯವಾಗುತ್ತದೆ ಎಂದು ಸಂಸ್ಥೆಗಳು ವಾದಿಸುತ್ತವೆ. ಈ ವಾದದಲ್ಲಿ ಸತ್ಯವಿದೆ. ಕಟ್ಟುನಿಟ್ಟಿನ ಮಿತಿ ಹೇರಿದರೆ ವಿಮಾನಗಳೇ ಕಡಿಮೆಯಾಗಬಹುದು. ಆದ್ದರಿಂದ ನಮ್ಮ ಬೇಡಿಕೆ ಎಲ್ಲ ದಿನವೂ ಅಗ್ಗದ ದರ ಬೇಕೆಂಬುದಲ್ಲ. ರಜೆ ಮತ್ತು ಹಬ್ಬದ ವಾರಗಳಲ್ಲಿ ಹೆಚ್ಚುವರಿ ವಿಮಾನಗಳು ಬೇಕು. ಆ ವಾರಗಳ ದರಕ್ಕೆ ಒಂದು ಗರಿಷ್ಠ ಮಿತಿ ಇರಬೇಕು. ಸಾವು ಮತ್ತು ತುರ್ತು ಚಿಕಿತ್ಸೆಯ ದಾಖಲೆ ತೋರಿಸುವವನಿಗೆ ಮಾನವೀಯ ದರವೊಂದು ಸಿಗಬೇಕು. ಏರ್ ಇಂಡಿಯಾ ಎಕ್ಸ್‌ಪ್ರೆಸ್ ಸರಕಾರದ ಒಡೆತನದಲ್ಲಿದ್ದಾಗ ಇದನ್ನು ಸಂಸದರು ನೇರವಾಗಿ ಕೇಳಬಹುದಿತ್ತು. 2022ರ ಜನವರಿಯಲ್ಲಿ ಅದು ಟಾಟಾ ಸಮೂಹದ ಪಾಲಾಗಿದೆ. ಸಂಸ್ಥೆ ಖಾಸಗಿಯಾಯಿತೆಂದು ಸರಕಾರದ ನಿಯಂತ್ರಣ ಕರ್ತವ್ಯ ಮುಗಿಯುವುದಿಲ್ಲ, ಅದು ಹೆಚ್ಚಾಗುತ್ತದೆ. ಗಲ್ಫ್‌ನಿಂದ ಬರುವ ಹಣದಿಂದ ಕಟ್ಟಿದ ಮನೆ, ಶಾಲೆ, ಆಸ್ಪತ್ರೆಗಳನ್ನು ತೋರಿಸಿ ಹೆಮ್ಮೆಪಡುವ ಕರಾವಳಿಯ ಜನಪ್ರತಿನಿಧಿಗಳು ಆ ಹಣ ಕಳುಹಿಸುವವನ ಟಿಕೆಟಿನ ಬಗ್ಗೆಯೂ ಸದನದಲ್ಲಿ ಒಂದು ಪ್ರಶ್ನೆ ಕೇಳಲಿ.

ಸರಕಾರ ಎಚ್ಚೆತ್ತುಕೊಳ್ಳಲು ಸಮಯ ಬೇಕಾಗಬಹುದು. ಆದರೆ ಕುಟುಂಬಗಳು ಮತ್ತು ಜಮಾಅತ್‌ಗಳು ಅಷ್ಟು ಕಾಯಬೇಕಾಗಿಲ್ಲ. ಮುಂದಿನ ವರ್ಷದ ರಜೆ, ಹಬ್ಬ, ಮದುವೆಗಳ ದಿನಾಂಕಗಳನ್ನು ಒಂದೇ ಹಾಳೆಯಲ್ಲಿ ಬರೆದು ಮನೆಮಂದಿ ಕುಳಿತು ಚರ್ಚಿಸುವುದಕ್ಕೆ ಒಂದು ಸಂಜೆ ಸಾಕು. ಮೊಹಲ್ಲಾದಲ್ಲಿ ಟಿಕೆಟ್ ನಿಧಿಯೊಂದನ್ನು ಆರಂಭಿಸಲು ಒಂದು ಸಭೆ ಸಾಕು. ರಿಯಾಯಿತಿ ಮಾರಾಟದ ಜಾಹೀರಾತು ಮುಂದಿನ ಬಾರಿ ಬಂದಾಗ ಅದನ್ನು ಹತ್ತು ಮಂದಿಗೆ ಕಳುಹಿಸಿ ಸುಮ್ಮನಾಗುವ ಬದಲು, ಅದರ ಪ್ರಯೋಜನ ಪಡೆಯಲಾಗದ ಒಬ್ಬನಿಗಾದರೂ ಟಿಕೆಟ್ ಕೊಡಿಸಲು ಮುಂದಾಗೋಣ.